ಕೈಗೆಟಕುವ ಹಾಗೆ

"ಸಾತ್ವಿಕಾ, ಒಂದು ಪೆಟ್ಟಿಗೆ ಕಿತ್ತು ಕೈಗೇ ಬಂತು ಮಗಾ!"

ಪದ್ಮಾಕ್ಷಿ ಒಂದು ಕೈಯಲ್ಲಿ ಮೌಸನ್ನು ಹಾವಿನ ಕತ್ತು ಹಿಡಿದಂತೆ ಬಿಗಿಹಿಡಿದು, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೊತ್ತಿಕೊಂಡಿದ್ದಳು. ತೋಡಾರಿನಲ್ಲಿರುವ ಮಗಳ ಪುಟ್ಟ ಫೋಟೋ ಸ್ಟುಡಿಯೋದಲ್ಲಿ ಅವಳೊಬ್ಬಳೇ. ಫೋಟೋಶಾಪಿನ ಪರದೆಯ ಬಲತುದಿಯಲ್ಲಿ ಮೊಳೆ ಹೊಡೆದಂತೆ ಕೂತಿದ್ದ 'ಲೇಯರ್ಸ್' ಎಂಬ ಪೆಟ್ಟಿಗೆ ಈಗ ಶಾಲೆಯ ಹುಡುಗಿಯೊಬ್ಬಳ ಮೂಗಿನ ಮೇಲೆ ತೇಲುತ್ತಿತ್ತು.

ಬೆಳ್ತಂಗಡಿಯ ಕಲ್ಯಾಣಮಂಟಪಕ್ಕೆ ಮದುವೆ ಫೋಟೋ ತೆಗೆಯಲು ಹೋಗಿದ್ದ ಮಗಳ ದನಿ ವಾಲಗದ ನಡುವೆ ಬಂತು. "ಅಮ್ಮ, ಇನ್ನು ಎಂತದೂ ಮುಟ್ಬೇಡ. ನಾನು ಬಂದು ರಿಸೆಟ್ ಮಾಡ್ತೇನೆ. ಎಷ್ಟು ಫೋಟೋ ಆಯ್ತು?"

"ಮೂರು."

"ಬೆಳಿಗ್ಗೆಯಿಂದ ಮೂರಾ! ಸಂಜೆ ಬಸ್ಸಿನ ಕಂಡಕ್ಟರ್ ಹತ್ರ ಪ್ರಿಂಟು ಕಳಿಸ್ತೇನೆ ಅಂತ ಶಾಲೆಯವರಿಗೆ ಮಾತು ಕೊಟ್ಟಾಗಿದೆ ಅಮ್ಮ." ಮತ್ತೆ ಮೆಲ್ಲನೆ, "ಹೋಗ್ಲಿ, ಬೇಜಾರು ಮಾಡ್ಬೇಡ. ಮೂಡುಬಿದಿರೆಯಲ್ಲಿ ಈ ಕೆಲಸ ಗೊತ್ತಿರುವ ಹುಡುಗ ಸಂದೇಶ ಇದ್ದಾನಲ್ಲ, ಅವನಿಗೆ ಹೇಳಿದ್ದೇನೆ. ನಾಳೆಯಿಂದ ಆ ಕುರ್ಚಿಯಲ್ಲಿ ಅವನು ಕೂತ್ಕೊಳ್ಳಲಿ."

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಮನೆಯಲ್ಲಿ ಬೀಡಿ ಕಟ್ಟಲು ಕಂಪೆನಿಯ ಬ್ರಾಂಚಿನವರು ಕೊಡುವ ಎಲೆ ವಾರದಿಂದ ವಾರಕ್ಕೆ ಕಡಿಮೆಯಾಗಿ ಕೈ ಸುಮ್ಮನೆ ಕೂತಾಗ, ಪದ್ಮಾಕ್ಷಿ ಮಗಳ ಬೆನ್ನು ಹತ್ತಿ ಕಲಿತ ಕೆಲಸ ಇದು. ಐಡಿ ಕಾರ್ಡಿಗೆಂದು ಶಾಲೆಯ ಗೋಡೆಯೆದುರು ನಿಲ್ಲಿಸಿ ತೆಗೆದ ಫೋಟೋಗಳು. ಗೋಡೆಯನ್ನು ಕತ್ತರಿಸಿ ತೆಗೆದು ಹಿಂದೆ ನೀಲಿ ತುಂಬಬೇಕು, ಅಷ್ಟೆ. ಆದರೆ ಕತ್ತರಿಸುವ ಟೂಲು ಪರದೆಯ ಎಡತುದಿಗೆ, ಲೇಯರು ಬಲತುದಿಗೆ, ಬಣ್ಣ ಎಲ್ಲೋ ಮೇಲೆ. ಮೌಸಿನ ಬಾಣವನ್ನು ಅಲ್ಲಿಂದಿಲ್ಲಿಗೆ ನಡೆಸಿಕೊಂಡು ಹೋಗುವಷ್ಟರಲ್ಲಿ ಹೊರಟದ್ದು ಯಾಕೆಂದೇ ಮರೆತುಹೋಗುತ್ತಿತ್ತು. ನಡುವೆ ಅವಳು ಒಮ್ಮೆಯೂ ಮುಟ್ಟದ ಹತ್ತಾರು ಪೆಟ್ಟಿಗೆಗಳು, ಊಟದ ಹೊತ್ತಿಗೆ ಬಾಗಿಲಿಗಡ್ಡ ನಿಂತ ನೆಂಟರ ಹಾಗೆ.

ಮಗಳು ಬರುವ ಮೊದಲು ಇದನ್ನಾದರೂ ಇದ್ದಲ್ಲಿಗೆ ಸೇರಿಸುವ ಎಂದು ಪೆಟ್ಟಿಗೆಯನ್ನು ಎಳೆದಳು. ಕೈ ತಪ್ಪಿ ಅದು ಎಡಕ್ಕೆ ಹೋಯಿತು. ಅಲ್ಲೊಂದು ನೀಲಿ ಗೆರೆ ಮಿಂಚಿತು. ಬೆರಳು ಬಿಟ್ಟದ್ದೇ ತಡ, ಪೆಟ್ಟಿಗೆ ಕತ್ತರಿಸುವ ಟೂಲಿನ ಮಗ್ಗುಲಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು! ಪದ್ಮಾಕ್ಷಿ ಪರದೆಗೆ ಬಗ್ಗಿ ನೋಡಿದಳು. ಏನೂ ಮುರಿದಿರಲಿಲ್ಲ. ಹಾಗಾದರೆ ಇವು ಇರುವುದೇ ಎತ್ತಿ ಬೇಕಾದಲ್ಲಿ ಇಟ್ಟುಕೊಳ್ಳಲಿಕ್ಕೆ.

"ಓ, ಹಾಗಾ ಸಂಗತಿ!" ಎಂದು ಪರದೆಗೇ ಹೇಳಿ ಸೆರಗು ಸಿಕ್ಕಿಸಿದಳು.

ಬೀಡಿ ಕಟ್ಟಲು ಕೂತವಳು ಎಲೆಗೊಮ್ಮೆ ಅಡಿಗೆಮನೆಗೆ, ನೂಲಿಗೊಮ್ಮೆ ಚಾವಡಿಗೆ ಓಡುತ್ತಾಳೆಯೇ? ಮಡಿಲಲ್ಲೊಂದು ಬಿದಿರಿನ ಗೆರಸೆ, ಎಡಕ್ಕೆ ಕತ್ತರಿಸಿದ ಎಲೆ, ನಡುವೆ ಹೊಗೆಸೊಪ್ಪಿನ ಹುಡಿ, ಬಲಗೈ ಬೆರಳಿಗೆ ತಾಗುವಲ್ಲಿ ನೂಲು. ಕಣ್ಣು ಅಂಗಳದಲ್ಲಿ ಆಡುವ ಮಗುವಿನ ಮೇಲಿದ್ದರೂ ಕೈಗೆ ದಾರಿ ಗೊತ್ತು. ಪದ್ಮಾಕ್ಷಿ ಬೇಡದ ಪೆಟ್ಟಿಗೆಗಳನ್ನೆಲ್ಲ ಮುಚ್ಚಿದಳು. ಬೇಕಾದವನ್ನು, ಯಾವುದರ ನಂತರ ಯಾವುದು ಬೇಕೋ ಅದೇ ಸಾಲಿನಲ್ಲಿ, ಫೋಟೋದ ಪಕ್ಕಕ್ಕೇ ತಂದು ಕೂರಿಸಿದಳು. ಆಮೇಲೆ ಬಾಣ ಓಡಲಿಲ್ಲ, ಹೆಜ್ಜೆ ಹಾಕಿತು ಅಷ್ಟೆ. ಗೋಡೆಗಳು ಉದುರತೊಡಗಿದವು. ಒಬ್ಬಳ ರಿಬ್ಬನ್ನಿನ ಮಡಿಕೆ, ಒಬ್ಬನ ಎಣ್ಣೆಗೂ ಬಗ್ಗದ ನೆತ್ತಿಗೂದಲು, ಯಾವುದನ್ನೂ ಬಿಡದೆ, ತಲೆ ನೇವರಿಸುವ ಹಾಗೆ ಸುತ್ತಿ ಬಂದಳು.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಕ್ಯಾಮೆರಾ ಚೀಲದ ಸಮೇತ ಒಳಗೆ ಬಂದ ಸಾತ್ವಿಕಾ ಹೊಸಿಲಲ್ಲೇ ಕೂಗಿದಳು. "ಅಯ್ಯೋ ದೇವರೇ, ಎಂತ ಮಾಡಿದ್ದು ಅಮ್ಮ ಇದು? ನನ್ನ ಸ್ಕ್ರೀನು ಎಲ್ಲಿ ಹೋಯ್ತು? ಕೊಡು ಇಲ್ಲಿ, ರಿಸೆಟ್ ಮಾಡ್ತೇನೆ."

ಪದ್ಮಾಕ್ಷಿ ಮೌಸ್ ಬಿಡಲಿಲ್ಲ. "ಒಂದು ಫೋಟೋ ನೋಡು. ಮತ್ತೆ ಬೇಕಾದ್ದು ಮಾಡು."

ಅವಳು ಒಂದನ್ನು ತೆರೆದಳು. ಮಗಳು ಚೀಲವನ್ನು ಹೆಗಲಿಂದ ಇಳಿಸಿ ಮೇಜಿನ ಮೇಲಿಡುವಷ್ಟರಲ್ಲಿ ಹುಡುಗನ ಹಿಂದಿನ ಗೋಡೆ ಹೋಗಿ ನೀಲಿ ಬಂದಿತ್ತು. ಸಾತ್ವಿಕಾ ಬಗ್ಗಿ, ಮುಗಿದ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಸರಿಸಿದಷ್ಟೂ ಇದ್ದವು.

"ಇದೆಲ್ಲ ನೀನೇ ಮಾಡಿದ್ದಾ?"

"ಮತ್ತೆ? ಸಂದೇಶ ಬಂದಿದ್ನಾ?"

ಸಾತ್ವಿಕಾಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಫೋನು ತೆಗೆದಳು. "ಹಲೋ, ಸಂದೇಶಾ, ನಾಳೆ ಬರುವುದು ಬೇಡ ಮಾರಾಯ. ಇಲ್ಲಿ ಜನ ಉಂಟು." ಆಮೇಲೆ ತಾಯಿಯನ್ನು ಎಬ್ಬಿಸಿ ತಾನು ಕೂತಳು. "ಹೆದರ್ಬೇಡ, ಅಳಿಸುವುದಿಲ್ಲ. ಈ ಪೆಟ್ಟಿಗೆಗಳ ಜೋಡಣೆಯನ್ನು ಹೀಗೇ ಸೇವ್ ಮಾಡುವ. ನನ್ನದು ನನಗೆ, ನಿನ್ನದು ನಿನಗೆ. ಹೆಸರೊಂದು ಕೊಟ್ರೆ ಆಯ್ತು, ಒತ್ತಿದ ಕೂಡ್ಲೇ ಬರ್ತದೆ." ಕೇಳುವುದಕ್ಕೇನಿದೆ ಎಂಬಂತೆ 'ಅಮ್ಮ' ಎಂದು ಒತ್ತತೊಡಗಿದಳು.

"ಅದು ಬೇಡ."

"ಯಾಕೆ?"

ಮದುವೆಯಾಗಿ ಬಂದಲ್ಲಿಂದ ಪದ್ಮಾಕ್ಷಿ ಕಟ್ಟಿದ ಬೀಡಿಯೆಲ್ಲ ಬ್ರಾಂಚಿಗೆ ಹೋದದ್ದು ಅತ್ತೆ ಸೇಸಮ್ಮನ ಹೆಸರಿನಲ್ಲಿ. ಬೀಡಿ ಕಾರ್ಮಿಕರ ಕಾರ್ಡು ಇದ್ದದ್ದು ಅವರ ಹೆಸರಿಗೆ ಮಾತ್ರ. "ಅಮ್ಮ ಅನ್ನುವುದು ಮನೆಯಲ್ಲಿ," ಎಂದಳು ಪದ್ಮಾಕ್ಷಿ. "ಇಲ್ಲಿ ಪದ್ಮಾಕ್ಷಿ ಅಂತ ಹಾಕು."

ಸಾತ್ವಿಕಾ ತಲೆಯೆತ್ತಿ ತಾಯಿಯ ಮುಖ ನೋಡಿದಳು. ಮತ್ತೆ ಒಂದೊಂದೇ ಅಕ್ಷರ ಒತ್ತಿದಳು. ಸೇವ್ ಮಾಡಿದ ಜೋಡಣೆಗಳ ಪಟ್ಟಿ ತೆರೆದುಕೊಂಡಿತು. ಮೊದಲಿಂದ ಇದ್ದ ಹೆಸರುಗಳೆಲ್ಲ ಒಂದು ಸಾಲು ಕೆಳಗಿಳಿದು, ಎಲ್ಲಕ್ಕಿಂತ ಮೇಲೆ ಆ ಹೆಸರು ಬಂದು ಕೂತಿತು.

ಪದ್ಮಾಕ್ಷಿ ಅದನ್ನೊಮ್ಮೆ ಓದಿದಳು. ಮಗಳ ಭುಜ ತಟ್ಟಿದಳು.

"ಏಳು ಮಗಾ, ಕುರ್ಚಿ ಬಿಡು. ಇನ್ನೂ ಸುಮಾರು ಮಕ್ಕಳು ಗೋಡೆಗೊರಗಿ ಕಾಯ್ತಾ ಇದ್ದಾರೆ."