ನೋಡುವವರು ಇರುವತನಕ

ಜಗತ್ತು ಕಣ್ಣು ಬಿಟ್ಟು ನೋಡುತ್ತಿದ್ದರೆ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕೇ ಇನ್ನೊಬ್ಬರಿಗೆ ಹಾಲು ಕುಡಿಸುತ್ತದಂತೆ. ಸುಳ್ಳಲ್ಲ, ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ನಡೆದದ್ದು. ಸಾಯುವವರ ಆರೈಕೆ ಹೇಗಿರುತ್ತದೆಂದು ಸಂಶೋಧನೆಗೆ ಬಂದ ನೀಲಮ ಸುಮ್ಮನೆ ನೋಡಬೇಕು, ನಡುವೆ ಬಾಯಿ ಹಾಕುವಂತಿಲ್ಲ. ಅಂದು ಅಲ್ಲಿ ಅವಳ ಕೆಲಸದ ಕೊನೆಯ ದಿನ.

"ಹೋಗಬ್ಯಾಡವಾ," ಎಂದು ಹಾಸಿಗೆ ಹಿಡಿದಿದ್ದ ರೋಗಿ ಜ್ಞಾನದೇವಜ್ಜ ಅವಳ ಕೈ ಹಿಡಿದ. "ನೀ ಕುಂತಾಗಷ್ಟ ಸಿಸ್ಟರ್ ನನಗ ಅಜ್ಜಾರ ಅಂತಾಳ. ಇಲ್ಲಾಂದ್ರ..." ಎಂದವನೇ ಸಿಸ್ಟರ್ ಸೌಂದರ್ಯಾಳ ದನಿಯನ್ನೇ ತೆಗೆದ: "ಏ ಮುದುಕಾ, ಮತ್ತ ಹಾಸಿಗಿ ಹೊಲಸ ಮಾಡಿದ್ಯಾ? ಲಗೂನ ಸಾಯಿ!"

ವಾರ್ಡೆಲ್ಲ ನಕ್ಕಿತು. ಬಾಗಿಲಲ್ಲೇ ನಿಂತು ಕೇಳಿದ್ದ ಸೌಂದರ್ಯಾ ಒಳಗೆ ಬಂದು, ಅಜ್ಜನ ಬಾಯಿಗೆ ಮೆಲ್ಲಗೆ ಹಾಲಿನ ಚಮಚ ಇಟ್ಟಳು. "ಭಾರಿ ನಕಲಿ ಮಾಡ್ತೀರಿ ಅಜ್ಜಾರ! ಇವತ್ತ ಮ್ಯಾಡಮ್ಮಾರು ಹೊಂಡ್ಲಿ. ನಾಳಿಂದ ನಿಮ್ಮನ್ನ ಛಲೋತ್ನಾಗ ನೋಡ್ಕೋತೀನಿ."

ಅಜ್ಜ ನೀಲಮಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಸೌಂದರ್ಯಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.