ನಲವತ್ತೊಂದನೇ ನಿಮಿಷದ ಹೆಂಗಸು

ಅರಿನೋಲಾ ಗಂಡನ ಟಿಪ್ಪಣಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿದ್ದ ಮೊದಲ ಅಂಕಿಗೆ ಲ್ಯಾಪ್‌ಟಾಪಿನ ಸಿನಿಮಾವನ್ನು ಸರಿಸಿದಳು. ಹನ್ನೆರಡು ನಿಮಿಷ, ಆರು ಸೆಕೆಂಡು. ಒಬ್ಬ ಹೆಂಗಸು ಒಲೆಯ ಮುಂದೆ ಕೂತು ಮೀನಿಗೆ ಹೊಗೆ ಹಾಕುತ್ತಿದ್ದಳು. ಎರಡನೇ ಅಂಕಿಯಲ್ಲೂ ಅದೇ ಹೆಂಗಸು. ನಲವತ್ತೊಂದನೇ ನಿಮಿಷದಲ್ಲೂ ಅವಳೇ. ಪುಟದ ತುಂಬ ಇದ್ದ ಇಂಗ್ಲಿಷು, ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಅರಿನೋಲಾಗೆ ಎಟುಕುವಂಥದ್ದಲ್ಲ. ಆದರೆ ಬಟ್ಟೆ ಹೊಲಿಯುವವಳಿಗೆ ಅಂಕಿ ತಪ್ಪುವುದಿಲ್ಲ. ಹದಿನೇಳು ಅಂಕಿ, ಹದಿನೇಳು ಸಲವೂ ಅವಳೇ.

ಚೆಲುವೆಯಾಗಿದ್ದರೆ ಸಮಾಧಾನವಾದರೂ ಆಗುತ್ತಿತ್ತು. ಐವತ್ತರ ಹತ್ತಿರದ, ತೋಳು ಜೋತುಬಿದ್ದ ಹೆಂಗಸು. ತಲೆಬಟ್ಟೆಯನ್ನೂ ನೆಟ್ಟಗೆ ಕಟ್ಟಿರಲಿಲ್ಲ.

ಗಂಡ ಅಕಿನ್ಲಾಬಿ ಜನರೇಟರಿಗೆ ಪೆಟ್ರೋಲು ತಂದು ಕ್ಯಾನನ್ನು ಬಾಗಿಲ ಬಳಿ ಇಟ್ಟ. ಅವಳು ಯಾವಾಗಲೂ ಮಗಳ ಹೆಸರು ಸೇರಿಸಿ, ಮೊರೆನಿಕೆಯ ಅಪ್ಪ ಎಂದೇ ಅವನನ್ನು ಕರೆಯುತ್ತಿದ್ದಳು; ಅವನಿಗೆ ಅವಳು 'ಇಯಾ', ಮೊರೆನಿಕೆಯ ಅಮ್ಮ.

"ಬಾಬಾ ಮೊರೆನಿಕೆ, ಯಾರಿವಳು?"

"ಆ-ಆ! ಅದು ವಿಶ್ವವಿದ್ಯಾಲಯದ ಜರ್ನಲ್ಲಿಗೆ ಬರೀತಿರೋ ವಿಮರ್ಶೆ ಕಣೇ. ಯಾವ ದೃಶ್ಯ ಎಷ್ಟನೇ ನಿಮಿಷದಲ್ಲಿ ಬರುತ್ತೆ ಅಂತ ಹಾಕದೇ ಇದ್ರೆ ಸಂಪಾದಕರು ವಾಪಸ್ ಕಳಿಸ್ತಾರೆ."

"ಅದ್ರಲ್ಲಿ ದೋಣಿ ಓಡ್ಸೋನು ಇದಾನೆ. ಒಂದು ಮದುವೆ ಇದೆ, ಅಷ್ಟೊಂದು ಜನ ಕುಣೀತಾರೆ. ಅವ್ರಿಗೆಲ್ಲ ನಿಮಿಷ ಇಲ್ವಾ?"

"ಪರದೆ ಮೇಲಿನ ಮೀನಿನವಳ ಮೇಲೆ ಹೊಟ್ಟೆಕಿಚ್ಚಾ, ಇಯಾ ಮೊರೆನಿಕೆ? ಹೊರಗೆ ಹೇಳ್ಬೇಡ, ಇಡೀ ಇಬಾದಾನ್ ಊರೇ ನಗುತ್ತೆ. ಕೂತ್ಕೋ, ಓದಿ ಹೇಳ್ತೀನಿ."

ಮೇಜಿನ ಮೇಲೆ ಅವನಿಗೆಂದು ಮುಚ್ಚಿಟ್ಟ ಅಮಲಾ ಮುದ್ದೆ ಆರುತ್ತಿತ್ತು. ಅವನು ಅದರತ್ತ ತಿರುಗದೆ, ಪುಸ್ತಕ ತೆಗೆದುಕೊಂಡು ಇಂಗ್ಲಿಷನ್ನು ಮನೆಮಾತಿಗೆ ಮಾಡಿ ಓದತೊಡಗಿದ. ಓದುತ್ತ ಹೋದಂತೆ ದನಿ ಮೆತ್ತಗಾಯಿತು. ಆ ದನಿಯನ್ನು ಅರಿನೋಲಾ ಮದುವೆಯಾದ ವರ್ಷ ಕೇಳಿದ್ದಳು.

"'ಒಲೆ ಬಿಟ್ಟು ಏಳುವಾಗಲೆಲ್ಲ ಅವಳ ಎಡಗೈ ಸೊಂಟಕ್ಕೆ ಹೋಗುತ್ತದೆ. ನೋವೆಂದು ಒಮ್ಮೆಯೂ ಹೇಳುವುದಿಲ್ಲ. ಮನೆಯಲ್ಲಿ ಯಾರೂ ಅದನ್ನು ನೋಡುವುದಿಲ್ಲ. ನೋಡುವುದೇ ಈ ಚಿತ್ರದ ಕೆಲಸ.' ಹೇಗಿದೆ?"

"ಎಷ್ಟು ಸಲ ನೋಡಿದ್ರಿ ಅವಳನ್ನ?"

"ಸಿನಿಮಾನಾ? ಪೂರ್ತಿ ನಾಲ್ಕು ಸಲ. ಸುಮ್ನೆ ಬರೆಯೋಕಾಗುತ್ತಾ?"

"ನಾನು ಮೆಶಿನ್ ಬಿಟ್ಟು ಏಳುವಾಗ ನನ್ನ ಕೈ ಎಲ್ಲಿಗೆ ಹೋಗುತ್ತೆ?"

ಅವನು ನಕ್ಕ. ಅವಳು ನಗಲಿಲ್ಲ. ಅವನು ಅವಳ ಕೈ ನೋಡಿದ, ಮೂಲೆಯಲ್ಲಿದ್ದ ಹೊಲಿಗೆ ಮೆಶಿನ್ನು ನೋಡಿದ.

"ಸೊಂಟಕ್ಕಾ?"

"ಅದು ಅವಳದು."

ಅರಿನೋಲಾ ಹೋಗಿ ಮೆಶಿನ್ನಿನ ಮುಂದೆ ಕೂತಳು. ಭಾನುವಾರ ಮದುವೆಗೆ ಹೋಗುವವರ ನೀಲಿ ಬಟ್ಟೆ ಅರ್ಧಕ್ಕೆ ನಿಂತಿತ್ತು. ಪೆಡಲ್ ತುಳಿಯತೊಡಗಿದಳು. ಅಕಿನ್ಲಾಬಿ ಪುಸ್ತಕ ಮುಚ್ಚಿ, ಕುರ್ಚಿ ಎಳೆದು ಅವಳ ಎದುರಿಗೆ ಹಾಕಿಕೊಂಡು ಕೂತ. ಹನ್ನೊಂದು ವರ್ಷದಲ್ಲಿ ಆ ಮೂಲೆಯ ಕಡೆ ಮುಖ ಮಾಡಿ ಅವನು ಕೂತದ್ದೇ ಇಲ್ಲ. ಅವಳು ಏಳುವುದನ್ನೇ ಕಾಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಮೇಲಿನ ದಾರ ಮುಗಿಯಿತು. ಹೊಸ ಉಂಡೆ ಎದುರಿನ ಕಪಾಟಿನಲ್ಲಿತ್ತು, ಎದ್ದು ತರಬೇಕು. ಅಕಿನ್ಲಾಬಿ ಮುಂದಕ್ಕೆ ಬಾಗಿದ.

ಅರಿನೋಲಾ ಏಳದೆ ತುಳಿಯುತ್ತಲೇ ಇದ್ದಳು. ದಾರವಿಲ್ಲದ ಸೂಜಿ ನೀಲಿ ಬಟ್ಟೆಯ ಕೊನೆಯವರೆಗೂ ಒಂದೇ ಸಾಲಿನಲ್ಲಿ ತೂತು ಹಾಕಿಕೊಂಡು ಹೋಯಿತು.