ಸೂಚಕರ ಸಹಿ

ಪಂಚಾಯಿತಿ ಚುನಾವಣೆಗೆ ನಾಮಪತ್ರ ಸಲ್ಲಿಸಲು ಅಂದು ಮಧ್ಯಾಹ್ನ ಮೂರು ಗಂಟೆಯೇ ಕೊನೆ. ಮಾಚಪ್ಪನ ಅರ್ಜಿಯಲ್ಲಿ ಸೂಚಕರ ಸಹಿಯೊಂದು ಬಾಕಿಯಿತ್ತು. ಹೆಂಡತಿಯೇ ಹಾಕಬಹುದಿತ್ತು, ಆದರೆ ತಾನು ಮೂವತ್ತು ವರ್ಷ ಬಟ್ಟೆ ಒಗೆದುಕೊಟ್ಟ ಮನೆಗಳಲ್ಲಿ ಒಬ್ಬರಾದರೂ ತನ್ನ ಹೆಸರು ಸೂಚಿಸಬೇಕೆಂಬುದು ಅವನ ಹಟ. ಬೆಳಗಿನಿಂದ ಐದು ಮನೆಯವರು ಒಂದೊಂದು ನೆಪ ಹೇಳಿ ಕಳಿಸಿದ್ದರು. ಉಳಿದಿದ್ದವರು ವಿಜ್ಞಾನದ ನಿವೃತ್ತ ಮೇಷ್ಟ್ರು ಒಬ್ಬರೇ.

ಮೇಷ್ಟ್ರು ತಮ್ಮ ಮನೆ ಬಾಗಿಲಿಗೆ ಬಂದ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಗರಿಗರಿಯಾಗಿದೆಯಲ್ಲೋ ಅಂಗಿ! ಯಾರ ಮನೇದು?"

"ನಂದೇ ಸಾ, ಹೊಸದು." ಆ ಕೊಂಕು ಅವನಿಗೆ ಹೊಸದಲ್ಲ.

"ಕ್ಯಾಂಡಿಡೇಟ್ ಅನ್ನೋ ಪದ ಎಲ್ಲಿಂದ ಬಂತು ಗೊತ್ತೇನೋ? ಲ್ಯಾಟಿನ್‌ನಲ್ಲಿ ಕ್ಯಾಂಡಿಡಸ್ ಅಂದ್ರೆ ಬೆಳ್ಳಗಿರೋದು. ರೋಮಿನಲ್ಲಿ ಚುನಾವಣೆಗೆ ನಿಂತೋರು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಬಟ್ಟೆ ಹೊದ್ಕೊಂಡು ವೋಟು ಕೇಳೋಕೆ ಬರ್ತಿದ್ರು. ನಿನ್ನೆಯೆಲ್ಲ ಕೂತು ಅದನ್ನೇ ಓದಿದೆ."

"ಹಂಗಾದ್ರೆ ಈ ಊರಿನ ಕ್ಯಾಂಡಿಡೇಟ್‌ಗಳನ್ನೆಲ್ಲ ಬೆಳ್ಳಗೆ ಮಾಡಿ ಕಳಿಸಿದೋನು ನಾನೇ ಅನ್ನಿ!"

ಮೇಷ್ಟ್ರು ತೊಡೆ ತಟ್ಟಿಕೊಂಡು ನಕ್ಕರು. ಬೆಳಗಿನಿಂದ ಯಾರೂ ಅವನೊಂದಿಗೆ ಹಾಗೆ ನಕ್ಕಿರಲಿಲ್ಲ. ಎದೆ ಹಗುರಾಗಿ ಅವನು ಅರ್ಜಿ ಬಿಚ್ಚಿ, ಪೆನ್ನು ಮುಂದೆ ಹಿಡಿದ.

"ಇಲ್ಲೊಂದು ಸಹಿ ಹಾಕಿಬಿಡಿ ಸಾ. ಎರಡು ಗಂಟೆ ಆಗೋಯ್ತು."

"ಎರಡಾಯ್ತಾ?" ಮೇಷ್ಟ್ರು ಗಡಬಡಿಸಿ ಒಳಗೆ ಹೋದರು. ಸುಕ್ಕಾಗಿದ್ದ ಬಿಳಿ ಅಂಗಿಯೊಂದನ್ನು ತಂದು ಅವನ ಕೈಯಲ್ಲಿದ್ದ ಅರ್ಜಿಯ ಮೇಲೆ ಇಟ್ಟರು.

"ಬೇಗ ಇದಕ್ಕೊಂದು ಇಸ್ತ್ರಿ ಹಾಕ್ಕೊಂಡು ಬಾರೋ. ಮೂರರೊಳಗೆ ನಾನೂ ನಾಮಪತ್ರ ಕೊಡ್ಬೇಕು."